ಕೋರ್ಟ್ ನೌಕರರ ಎನ್‌ಪಿಎಸ್: ಪ್ರಾನ್ ಬಂದ ಮಾತ್ರಕ್ಕೆ ಮುಗಿಯಲಿಲ್ಲ

ಕಾರವಾರದ ಜಿಲ್ಲಾ ಕೋರ್ಟಿರಲಿ, ಶಿರಸಿ, ಕುಮಟಾ, ಭಟ್ಕಳದ ಕೋರ್ಟುಗಳಿರಲಿ, ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಸ್ಟೆನೋ, ಸಮನ್ಸ್ ತಲುಪಿಸುವ ಪ್ರೋಸೆಸ್ ಸರ್ವರ್ ಆಗಿ ಸೇರಿದವರ ಮೊದಲ ಪ್ರಶ್ನೆ "ನಮಗೆ ಪೆನ್ಷನ್ ಇದ್ಯಾ?" ಎನ್ನುವುದೇ. ಉತ್ತರ ನಿಂತಿರುವುದು ತಾರೀಖಿನ ಮೇಲೆ. 1-4-2006ರಿಂದ ಈಚೆಗೆ ರಾಜ್ಯ ಸರ್ಕಾರಿ ಸೇವೆಗೆ ಬಂದವರು ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ), ಅದಕ್ಕೂ ಹಿಂದಿನವರು ಹಳೆ ಪಿಂಚಣಿಗೆ. ನೇಮಕಾತಿ ಅಧಿಸೂಚನೆ ಆ ತಾರೀಖಿಗೆ ಮುಂಚೆ ಆಗಿ ನೇಮಕ ಮಾತ್ರ ತಡವಾದವರಿಗೆ 2024ರ ಜನವರಿಯ ಆದೇಶದಲ್ಲಿ ಹಳೆ ಪಿಂಚಣಿಯ ಬಾಗಿಲು ತೆರೆದಿತ್ತು. ಹೊರಗುತ್ತಿಗೆಯವರದು ಇಪಿಎಫ್ (ಭವಿಷ್ಯನಿಧಿ). ಅಲ್ಲಿನ ಖಾತೆಯ ಯುಎಎನ್ ನಂಬರೇ ಬೇರೆ, ಎನ್‌ಪಿಎಸ್ ಖಾತೆಯ 12 ಅಂಕಿಯ ನಂಬರಾದ ಪ್ರಾನ್ ಬೇರೆ.

ಪ್ರಾನ್ ಅರ್ಜಿ ಬಿಲ್ ಗುಮಾಸ್ತರ ಮೇಜಿನಿಂದ ಹೊರಟು, ಡಿಡಿಓ (ಸಂಬಳ ಬಟವಾಡೆ ಅಧಿಕಾರಿ) ಸಹಿಯಾಗಿ ಖಜಾನೆ ಕಡೆಗೆ ಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ಅದು ಮುಗ್ಗರಿಸುವುದು ಹೆಚ್ಚಾಗಿ ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ನಾಯ್ಕ', ಆಧಾರ್‌ನಲ್ಲಿ 'ನಾಯ್ಕ್', ಪ್ಯಾನ್‌ನಲ್ಲಿ 'ನಾಯಕ'. ಬಾಯಲ್ಲಿ ಹೇಳುವಾಗ ಯಾರಿಗೂ ಗೊಂದಲವಿಲ್ಲ, ಕಂಪ್ಯೂಟರಿಗೆ ಮಾತ್ರ ಇವರು ಮೂವರು. ಇನಿಶಿಯಲ್ ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ ಇದ್ದರಂತೂ ಕೇಳುವುದೇ ಬೇಡ. ಅರ್ಜಿ ತುಂಬುವ ಮೊದಲೇ ಆಧಾರ್, ಪ್ಯಾನ್ ಎರಡನ್ನೂ ಸೇವಾ ಪುಸ್ತಕದ ಹೆಸರಿಗೆ ಸರಿಮಾಡಿಸಿ. ಹಿಂದಿನ ನೌಕರಿಯಲ್ಲಿ ಪ್ರಾನ್ ಆಗಿದ್ದರೆ ಅದನ್ನೇ ವರ್ಗಾಯಿಸಿಕೊಳ್ಳಬೇಕು. ಒಬ್ಬರಿಗೆ ಎರಡು ಪ್ರಾನ್ ಇರುವಂತಿಲ್ಲ.

ತಿಂಗಳ ಕಡಿತದ ಲೆಕ್ಕ ಸುಲಭ. ಮೂಲ ವೇತನ 30,000, ತುಟ್ಟಿಭತ್ಯೆ 3,000 ಅಂದುಕೊಳ್ಳಿ. ನಿಮ್ಮ ಪಾಲು ಶೇ. 10, ಅಂದರೆ 3,300. ಸರ್ಕಾರದ್ದು ಶೇ. 14, ಅಂದರೆ 4,620. ಮನೆಬಾಡಿಗೆ ಭತ್ಯೆ ಇದಕ್ಕೆ ಸೇರದು. 60ಕ್ಕೆ ನಿವೃತ್ತಿಯಾದಾಗ ಕೂಡಿದ ಹಣದಲ್ಲಿ ಶೇ. 60ರವರೆಗೆ ಕೈಗೆ, ಉಳಿದದ್ದು ವರ್ಷಾಶನಕ್ಕೆ, ಅಂದರೆ ಮುಂದೆ ಪಿಂಚಣಿಯಾಗಿ ಬರುವ ಹಣಕ್ಕೆ.

ಸಂಬಳದಲ್ಲಿ ಕಡಿತ ಆಗುವುದು ಬೇರೆ, ಪ್ರಾನ್ ಖಾತೆಗೆ ಜಮಾ ಆಗುವುದು ಬೇರೆ. ಕಾರವಾರದಿಂದ ಶಿರಸಿಗೋ ಜೋಯಿಡಾಕ್ಕೋ ವರ್ಗವಾದಾಗ ಡಿಡಿಓ ಬದಲಾಗುತ್ತಾರೆ. ಪ್ರಾನ್ ಹೊಸ ಡಿಡಿಓ ಕೆಳಗೆ ಬಂದಿದೆಯೋ ಇಲ್ಲವೋ ಎಂದು ಆ ತಿಂಗಳೇ ವಿಚಾರಿಸಿ. ಯಾವುದಾದರೂ ತಿಂಗಳ ಹಣ ಸ್ಟೇಟ್‌ಮೆಂಟಿನಲ್ಲಿ ಕಾಣದಿದ್ದರೆ ಆ ತಿಂಗಳ ವೇತನ ಚೀಟಿ ಲಗತ್ತಿಸಿ ಡಿಡಿಓಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಐದು ವರ್ಷ ಬಿಟ್ಟು ಹುಡುಕಲು ಹೊರಟರೆ ಹಳೆ ಬಿಲ್ ಸಿಗುವುದೇ ಕಷ್ಟ. ಅಷ್ಟು ಕಾಲ ಆ ದುಡ್ಡು ಬೆಳೆಯದೇ ಉಳಿದದ್ದು ಬೇರೆ ನಷ್ಟ.

ಇನ್ನೆರಡು ಸಣ್ಣ ಕೆಲಸ. ಮದುವೆಗೆ ಮುಂಚೆ ತಂದೆತಾಯಿ ಹೆಸರಿಗೆ ಮಾಡಿದ ನಾಮನಿರ್ದೇಶನ ಮದುವೆಯಾದ ಮೇಲೆ ಊರ್ಜಿತವಲ್ಲ, ಹೊಸದಾಗಿ ಕೊಡಬೇಕು. ಕರಾವಳಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಖಾತೆ ಇದ್ದವರು ಬಹಳ. ಅದು 1-4-2020ಕ್ಕೆ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಐಎಫ್‌ಎಸ್‌ಸಿ ಕೋಡೂ ಬದಲಾಯಿತು. ನಿಮ್ಮ ಪ್ರಾನ್ ವಿವರದಲ್ಲಿ ಇನ್ನೂ ಸಿಂಡಿಕೇಟಿನ ಕೋಡೇ ಇದ್ದರೆ ಹಣ ಹಿಂತೆಗೆಯುವ ದಿನದವರೆಗೆ ಕಾಯದೆ ಈಗಲೇ ತಿದ್ದಿಸಿ.