ಪೀಟರ್ ಮೊಲದ ಊರಿಗೆ ಹೊರಟಿದ್ದೀರಾ? ಬೌನೆಸ್‌ನಲ್ಲಿ ರೂಮ್ ಮಾಡಬೇಡಿ

ಪೀಟರ್ ಮೊಲದ ಮಕ್ಕಳ ಕತೆ ಬರೆದ ಬೀಟ್ರಿಕ್ಸ್ ಪಾಟರ್ ಮನೆ ನೋಡೋಣ ಅಂತ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗುವವರೆಲ್ಲ ಸರೋವರದ ದಡದ ಬೌನೆಸ್ ಊರಿನಲ್ಲೇ ಉಳಿಯುತ್ತಾರೆ. ನಾವೂ ಉಳಿದೆವು. ರೂಮು ಅಟ್ಟದ ಮೇಲೆ. ಮೂರು ಮಹಡಿ, ಲಿಫ್ಟ್ ಇಲ್ಲ. 'ಸರೋವರ ಕಾಣುತ್ತದೆ' ಅಂತ ಬರೆದಿದ್ದರು. ನಿಜ, ಕಮೋಡ್ ಮೇಲೆ ಹತ್ತಿ ನಿಂತು ಬಚ್ಚಲಿನ ಕಿಟಕಿಯಿಂದ ಇಣುಕಿದರೆ ಕಾಣುತ್ತಿತ್ತು. ರಾತ್ರಿಗೆ 140 ಪೌಂಡ್, ತಿಂಡಿಗೆ ಬೇರೆ. ಬೇಸಿಗೆ ರಜೆಯಲ್ಲಿ ಬೀದಿಗಿಳಿದರೆ ಬರೀ ಜನ. ಗದ್ದಲ ಆಗದವರು ಸರೋವರದ ಆಚೆಯ ಹಾಕ್ಸ್‌ಹೆಡ್ ಊರಿನಲ್ಲಿ ರೂಮ್ ಹುಡುಕಿ.

ಪಾಟರ್ ಮನೆ ಹಿಲ್ ಟಾಪ್ ಇರುವುದು ಸರೋವರದ ಆಚೆ, ನಿಯರ್ ಸಾರಿ ಎಂಬ ಸಣ್ಣ ಹಳ್ಳಿಯಲ್ಲಿ. ಬೌನೆಸ್ ಕಡೆಯಿಂದ ಕಾರು ಸಾಗಿಸುವ ಫೆರಿ ಇದೆ, ನಡೆದು ಬಂದವರನ್ನೂ ಹತ್ತಿಸಿಕೊಳ್ಳುತ್ತಾರೆ. ಆಚೆ ದಡದಿಂದ ಸುಮಾರು 3 ಕಿಲೋಮೀಟರ್ ಏರುದಾರಿ. ಬಸ್ಸು ಕಾಯುತ್ತಾ ಕೂತಿದ್ದೆವು. ತುಂಬಿದೆ ಅಂತ ಡ್ರೈವರ್ ಕೈಯಾಡಿಸಿ ಹೋಗೇಬಿಟ್ಟ. ಕಾಲು ಗಟ್ಟಿ ಇದ್ದರೆ ನಡೆದುಬಿಡಿ.

ಮನೆ ಪುಟ್ಟದು. ಟಿಕೆಟ್‌ನಲ್ಲಿ ಒಳಗೆ ಬಿಡುವ ಹೊತ್ತನ್ನೂ ಹಾಕಿರುತ್ತಾರೆ, ಮೊದಲೇ ತೆಗೆದುಕೊಳ್ಳಿ. ಚಳಿಗಾಲದಲ್ಲಿ ಮುಚ್ಚಿರುತ್ತಾರೆ, ದಿನ ನೋಡಿಕೊಂಡು ಹೊರಡಿ. ಕತೆ ಓದದ ಮಕ್ಕಳಿಗೆ ಇದು ಸುಮ್ನೆ ಹಳೇ ಸಾಮಾನಿನ ಮನೆ. ಓದಿದವರಿಗೆ ಹಾಗಲ್ಲ. ಪಾಟರ್ ಅವರ ಇನ್ನೊಂದು ಕತೆಯಲ್ಲಿ ಮರಿ ಕಳೆದುಕೊಂಡ ತಾಯಿಬೆಕ್ಕು ಹುಡುಕಾಡುವ ಮೆಟ್ಟಿಲ ತಿರುವು ಪುಸ್ತಕದಲ್ಲಿ ಇದ್ದ ಹಾಗೇ ಇದೆ. ನನ್ನ ಮಗಳು ಪುಟ ತೆರೆದು ಹಿಡಿದು ಒಂದೊಂದೇ ಸಾಮಾನು ತಾಳೆ ನೋಡಿದಳು. ಪುಸ್ತಕ ಜೊತೆಗೆ ಒಯ್ಯಿರಿ.

ಪೀಟರ್ ಮೊಲದ ಕತೆಯನ್ನು ಪ್ರಕಾಶಕರು ಬೇಡವೆಂದಾಗ 1901ರಲ್ಲಿ ತಾನೇ 250 ಪ್ರತಿ ಅಚ್ಚು ಹಾಕಿಸಿದಾಕೆ ಪಾಟರ್. ಮುಂದಿನ ವರ್ಷ ವಾರ್ನ್ ಕಂಪನಿ ಹೊರತಂದಿತು. ಆ ಕಂಪನಿಯ ಮನೆತನದ ನಾರ್ಮನ್ ವಾರ್ನ್ ಜೊತೆ ಮದುವೆ ನಿಶ್ಚಯವಾಗಿತ್ತು. 1905ರಲ್ಲಿ ಆತ ತೀರಿಕೊಂಡ. ಹಿಲ್ ಟಾಪ್ ಕೊಂಡದ್ದೂ ಅದೇ ವರ್ಷ.

ಹಿಲ್ ಟಾಪ್‌ನಿಂದ ಹಾಕ್ಸ್‌ಹೆಡ್‌ಗೆ ಮತ್ತೆ ಸುಮಾರು 3 ಕಿಲೋಮೀಟರ್. ಅಲ್ಲೊಂದು ಟೀ ಅಂಗಡಿ, ಐದೇ ಮೇಜು. ಕ್ಯಾರೆಟ್, ಬೇಳೆ ಹಾಕಿದ ಸೂಪು ನಮ್ಮ ತೊವ್ವೆಯ ಹಾಗೇ ಗಟ್ಟಿಯಾಗಿತ್ತು. ಬಟ್ಟಲು ದೊಡ್ಡದು, 6 ಪೌಂಡ್. ಬಿಸಿ ಬ್ರೆಡ್ಡು ಮುಗಿದ ಕೂಡಲೇ ಕೇಳದೇ ಇನ್ನೆರಡು ತುಂಡು ಬಂತು. ನಾವು ಚಟ್ನಿಪುಡಿ ಡಬ್ಬಿ ತೆಗೆದಾಗ ಬಡಿಸುತ್ತಿದ್ದ ಅಜ್ಜಿ ತನಗೂ ಒಂದು ಚಿಟಿಕೆ ಕೇಳಿದರು. ಕೆಮ್ಮಿದರು, ನೀರು ಕುಡಿದರು, ಆಮೇಲೆ ಇನ್ನೊಂದು ಚಿಟಿಕೆ ಕೇಳಿದರು! ಸಸ್ಯಾಹಾರಿಗಳಿಗೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ಒಳ್ಳೆ ಊಟ ಸಿಗಲಿಲ್ಲ.

ನನಗೆ ಅಚ್ಚರಿ ಅನಿಸಿದ್ದು ಕುರಿಗಳು. ಹರ್ಡ್‌ವಿಕ್ ತಳಿ. ಮರಿ ಹುಟ್ಟುವಾಗ ಕಪ್ಪು, ಬೆಳೆಯುತ್ತಾ ಮೈ ಬೂದಿ ಬಣ್ಣ, ಮುಖ ಬೆಳ್ಳಗೆ. ಪುಸ್ತಕದ ದುಡ್ಡು ಬರುತ್ತಿದ್ದಂತೆ ಪಾಟರ್ ಇಲ್ಲಿ ಜಮೀನು ಕೊಳ್ಳುತ್ತಾ ಹೋದರು, ಈ ಕುರಿ ಸಾಕುವುದರಲ್ಲಿ ಹೆಸರು ಮಾಡಿದರು. 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಜಾಸ್ತಿ ಜಮೀನು, ಹಳೇ ಮನೆ ಜಮೀನುಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಹೋಯಿತು. ಅಲ್ಲಿ ಹರ್ಡ್‌ವಿಕ್ ಸಾಕಣೆ ನಿಲ್ಲಬಾರದು ಅಂತ ಬರೆದಿಟ್ಟಿದ್ದರು. ಅಂಗಡಿಗಳಲ್ಲಿ ಮಾತ್ರ ಬರೀ ಮೊಲದ ಮಗ್ಗು, ಮೊಲದ ಕೀ ಚೈನು.

ಮಳೆ ಹಿಡಿದರೆ ಆಂಬಲ್‌ಸೈಡ್‌ನ ಆರ್ಮಿಟ್ ಮ್ಯೂಸಿಯಂಗೆ ಹೋಗಿ. ಪಾಟರ್ ಬರೆದ ಅಣಬೆ ಚಿತ್ರಗಳು ಅಲ್ಲಿವೆ. 1897ರಲ್ಲಿ ಅವರ ಅಣಬೆ ಪ್ರಬಂಧವನ್ನು ಲಂಡನ್ನಿನ ಲಿನ್ನಿಯನ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘದಲ್ಲಿ ಬೇರೊಬ್ಬರು ಮಂಡಿಸಬೇಕಾಯಿತು. ಹೆಂಗಸರಿಗೆ ಸಭೆಗೆ ಪ್ರವೇಶ ಇರಲಿಲ್ಲ ಅಲ್ವಾ! ವಾಪಸ್ ಬರುವಾಗ ವಿಂಡರ್‌ಮಿಯರ್‌ನಲ್ಲಿ ರೈಲು ಹತ್ತಿ. ದೂರ ಹೋಗುವವರು ಸಾಮಾನ್ಯವಾಗಿ ಆಕ್ಸನ್‌ಹೋಮ್‌ನಲ್ಲಿ ಬದಲಾಯಿಸಬೇಕು, ಲಗೇಜು ಕಮ್ಮಿ ಇರಲಿ.