ಮೇಜಿನ ಮೇಲೆ 26ನೇ ರಿಸರ್ವ್ ಕೋರ್: ಕಾಲಾಳು ಮುಗಿಯಿತು, ಇನ್ನು ಫಿರಂಗಿ

ಕೊನೆಯ ಕಾಲಾಳು ಬೇಸ್‌ಗೆ, ಅಂದ್ರೆ ಪುಟ್ಟ ಸೈನಿಕರ ಬೊಂಬೆಗಳನ್ನು ಅಂಟಿಸಿದ ಹಲಗೆಗೆ, ಈ ವಾರ ವಾರ್ನಿಷ್ ಹೊಡೆದೆ. ಜರ್ಮನಿಯ 26ನೇ ರಿಸರ್ವ್ ಕೋರ್‌ನ ಕಾಲಾಳು ಪಡೆ ಈಗ ಪೂರ್ತಿ ಮೇಜಿನ ಮೇಲಿದೆ. ಮೊದಲ ಮಹಾಯುದ್ಧದಲ್ಲಿ, 1914ರ ಅಕ್ಟೋಬರ್‌ನಲ್ಲಿ, ಬೆಲ್ಜಿಯಂನ ಈಪ್ರ್ ಪಟ್ಟಣದ ಕಡೆ ಹೊರಟಾಗ ಅದರ ರಚನೆ ಹೇಗಿತ್ತೋ ಹಾಗೇ ಜೋಡಿಸಿದ್ದೇನೆ. ಎಲ್ಲವೂ 6 ಮಿ.ಮೀ. ಮಿನಿಯೇಚರ್. ಒಂದು ಬೇಸ್ ಅಂದ್ರೆ ಒಂದು ಬೆಟಾಲಿಯನ್. ಒಟ್ಟು 26 ಬೇಸ್.

ಲೆಕ್ಕ ಹೀಗೆ. ಕೋರ್ ಅಂದ್ರೆ ಹಲವು ಸಾವಿರ ಸೈನಿಕರ ದೊಡ್ಡ ಪಡೆ. ಇದರಲ್ಲಿ ಎರಡು ಡಿವಿಷನ್, 51ನೇ ರಿಸರ್ವ್ ಮತ್ತು 52ನೇ ರಿಸರ್ವ್. ಒಂದೊಂದರಲ್ಲಿ ಎರಡು ಬ್ರಿಗೇಡ್, ಬ್ರಿಗೇಡಿಗೆ ಎರಡು ರೆಜಿಮೆಂಟ್, ರೆಜಿಮೆಂಟಿಗೆ ಮೂರು ಬೆಟಾಲಿಯನ್. 51ರಲ್ಲಿ 233ರಿಂದ 236ರವರೆಗಿನ ರಿಸರ್ವ್ ರೆಜಿಮೆಂಟುಗಳು, 52ರಲ್ಲಿ 237ರಿಂದ 240. ಇವಲ್ಲದೆ ಡಿವಿಷನ್ನಿಗೆ ಒಂದರಂತೆ ಯೇಗರ್ (ಹಗುರ ಕಾಲಾಳು) ಬೆಟಾಲಿಯನ್, 23 ಮತ್ತು 24. ಈ ಕೋರ್‌ನ ದಂಡನಾಯಕ ವೂರ್ಟೆಂಬರ್ಗಿನ ಜನರಲ್ ಒಟ್ಟೊ ಫಾನ್ ಹ್ಯೂಗೆಲ್.

ಯುದ್ಧಕ್ಕೆ ಮೊದಲು ಇಂಥದ್ದೊಂದು ಕೋರ್ ಇರಲೇ ಇಲ್ಲ. ಆಗಸ್ಟ್ ಮೊದಲ ವಾರ ಕಾಯಂ ಸೇನೆಯ ಜೊತೆ ಹೊರಟ ಹಳೆಯ ರಿಸರ್ವ್ ಕೋರ್‌ಗಳು ಶಾಂತಿಕಾಲದಲ್ಲೇ ಯೋಜನೆಯಲ್ಲಿದ್ದವು. ಅವುಗಳಲ್ಲಿದ್ದವರು ಸೇನೆಯಲ್ಲಿ ದುಡಿದು ಮನೆಗೆ ಹೋಗಿದ್ದವರು. ಇದರ ಕಥೆ ಬೇರೆ. ಯುದ್ಧ ಶುರುವಾದ ಕೂಡಲೇ ಸ್ವಯಂಸೇವಕರು ಬ್ಯಾರಕ್‌ಗಳ ಮುಂದೆ ಸಾಲುಗಟ್ಟಿದರು. ಆಗಸ್ಟ್ 16ರಂದು ಹೊಸ ಕೋರ್‌ಗಳನ್ನು ಕಟ್ಟಲು ಆದೇಶ ಬಂತು. 22ರಿಂದ 27ರವರೆಗೆ ಆರು ಕೋರ್, 43ರಿಂದ 54ರವರೆಗೆ ಹನ್ನೆರಡು ಡಿವಿಷನ್. ಬವೇರಿಯಾ ತನ್ನದೇ ಒಂದು ರಿಸರ್ವ್ ಡಿವಿಷನ್ ಕಟ್ಟಿತು. ಅಕ್ಟೋಬರ್ ಮಧ್ಯದ ಹೊತ್ತಿಗೆ 26ನೇ ಕೋರ್ ಬೆಲ್ಜಿಯಂನಲ್ಲಿತ್ತು. ತರಬೇತಿ ಸಿಕ್ಕಿದ್ದು ಹೆಚ್ಚೆಂದರೆ ಎರಡು ತಿಂಗಳು.

ಆದೇಶ ಬಂದಾಗ ಯುದ್ಧ ಮಂತ್ರಿಯಾಗಿದ್ದವರು ಎರಿಕ್ ಫಾನ್ ಫಾಲ್ಕೆನ್‌ಹೈನ್. ಸೆಪ್ಟೆಂಬರ್ ಮಧ್ಯದಲ್ಲಿ ಸೇನಾ ಮುಖ್ಯಸ್ಥ ಮೊಲ್ಟ್‌ಕೆ ಜಾಗಕ್ಕೆ ಬಂದು ಯುದ್ಧದ ಹೊಣೆ ಹೊತ್ತವರೂ ಅವರೇ. ಅಂದ್ರೆ ಹೊಸ ಕೋರ್‌ಗಳನ್ನು ಕಟ್ಟಿಸಿದವರೂ ಅವರೇ, ಅವುಗಳಲ್ಲಿ ನಾಲ್ಕನ್ನು ಡ್ಯೂಕ್ ಆಲ್ಬ್ರೆಕ್ಟ್ ಅವರ 4ನೇ ಸೇನೆಗೆ ಕೊಟ್ಟು ಈಪ್ರ್ ಮೇಲೆ ನುಗ್ಗಿಸಿದವರೂ ಅವರೇ. ನಾಲ್ಕರಲ್ಲಿ ಒಂದರ, 22ನೆಯದರ, ದಂಡನಾಯಕ ಅವರ ಸ್ವಂತ ಅಣ್ಣ ಒಯ್ಗೆನ್. ಈ ಸ್ವಯಂಸೇವಕರನ್ನು ಹಳೆಯ ರೆಜಿಮೆಂಟುಗಳಿಗೆ ಹಂಚಿ, ಅನುಭವಿಗಳ ಪಕ್ಕದಲ್ಲಿ ನಿಲ್ಲಿಸಬಹುದಿತ್ತು. ಹಾಗೆ ಮಾಡದೆ ಹೊಸಬರನ್ನೇ ಗುಡ್ಡೆ ಹಾಕಿ ಬೇರೆ ಕೋರ್ ಮಾಡಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಅಧಿಕಾರಿಗಳಲ್ಲೂ ನಿವೃತ್ತಿಯಾಗಿ ಮತ್ತೆ ಬಂದವರೇ ಜಾಸ್ತಿ.

ಇಡೀ ಕೋರ್‌ನ್ನು ಮೇಜಿನ ಮೇಲೆ ಜೋಡಿಸಿದ್ದು ಇದಕ್ಕೇ. ಎಡಕ್ಕೆ ಹೋಲಿಕೆಗೆಂದು ಒಂದು ಕಾಯಂ ಕೋರ್‌ನ ರಚನೆಯನ್ನು ರಟ್ಟಿನ ಚೂರುಗಳಲ್ಲಿ ಇಟ್ಟಿದ್ದೇನೆ. ಕಾಲಾಳು ನೋಡಿದರೆ ಎರಡೂ ಒಂದೇ: ಅಲ್ಲಿ 25 ಬೆಟಾಲಿಯನ್, ಇಲ್ಲಿ 26. ಆಮೇಲೆ ಫಿರಂಗಿ ಕಡೆ ನೋಡಿ. ಅಲ್ಲಿ 144 ಫೀಲ್ಡ್ ಫಿರಂಗಿ, ಅದರ ಮೇಲೆ 16 ಭಾರೀ ಹೊವಿಟ್ಜರ್. ಇಲ್ಲಿ 72 ಮಾತ್ರ. ಅಲ್ಲಿ ಬ್ಯಾಟರಿಗೆ (ಫಿರಂಗಿಗಳ ಒಂದು ತಂಡಕ್ಕೆ) ಆರು ಫಿರಂಗಿ, ಇಲ್ಲಿ ನಾಲ್ಕು. ಅಲ್ಲಿ ಪ್ರತಿ ರೆಜಿಮೆಂಟಿಗೆ ಆರು ಮೆಷಿನ್ ಗನ್‌ಗಳ ಒಂದು ಕಂಪನಿ, ಇಲ್ಲಿ ಅಷ್ಟಿಲ್ಲ. ಮುಂದೆ ಹೋಗುವ ಜನ ಅಷ್ಟೇ, ಹಿಂದಿನಿಂದ ಆಸರೆಯಾಗುವ ಬೆಂಕಿ ಅರ್ಧಕ್ಕಿಂತ ಕಡಿಮೆ. ಈಪ್ರ್ ಹತ್ತಿರದ ಲಾಂಗೆಮಾರ್ಕ್ ಹಳ್ಳಿಯ ಬಳಿ ಹುಡುಗರು ಹಾಡುತ್ತಾ ಸಾವಿಗೆ ನುಗ್ಗಿದರು ಅನ್ನೋ ಕಥೆಯನ್ನು ಆಮೇಲೆ ಬಹಳ ಬೆಳೆಸಿದರು, ವಿದ್ಯಾರ್ಥಿಗಳ ರೆಜಿಮೆಂಟುಗಳು ಅಂತಲೂ ಹೇಳಿದರು. ನಿಜಕ್ಕೂ ವಿದ್ಯಾರ್ಥಿಗಳು ಅವುಗಳಲ್ಲಿ ಸಣ್ಣ ಪಾಲು. ಅಷ್ಟು ಜನ ಯಾಕೆ ಸತ್ತರು ಅಂತ ತಿಳಿಯೋಕೆ ಆ ಹಾಡಿಗಿಂತ ಈ ಫಿರಂಗಿ ಲೆಕ್ಕ ಹೆಚ್ಚು ಸಹಾಯ ಮಾಡುತ್ತೆ. ಲಾಂಗೆಮಾರ್ಕ್‌ನ ಜರ್ಮನ್ ಸ್ಮಶಾನದಲ್ಲಿ ಇವತ್ತು 44,000ಕ್ಕೂ ಹೆಚ್ಚು ಮಂದಿ ಮಲಗಿದ್ದಾರೆ, ನಾಲ್ಕೂ ವರ್ಷಗಳ ಯುದ್ಧದವರು ಸೇರಿ.

ಬಣ್ಣದ ವಿಷಯ. ಮೊದಲು ಕಪ್ಪು ಪ್ರೈಮರ್, ಮೇಲೆ ಹಸಿರು ಬೆರೆತ ಬೂದು. ಎಲ್ಲ ಬೇಸ್‌ಗೂ ಒಂದೇ ಬಣ್ಣ ಹಾಕಿಲ್ಲ, ಬೇಕಂತಲೇ. ಹೊಸ ಕೋರ್‌ಗಳಿಗೆ ಚರ್ಮದ ಹೆಲ್ಮೆಟ್ ಸಾಕಾಗದೆ ಫೆಲ್ಟ್ ಬಟ್ಟೆಯವನ್ನೂ ಕೊಟ್ಟಿದ್ದರು. ಹಾಗಾಗಿ ಬೂದು ಬಣ್ಣವನ್ನು ಬೇಸ್‌ನಿಂದ ಬೇಸ್‌ಗೆ ಸ್ವಲ್ಪ ಬದಲಿಸಿದೆ. ಹೆಲ್ಮೆಟ್ ಮೇಲಿನ ಬಟ್ಟೆ ಹೊದಿಕೆಗೆ ಮಣ್ಣಿನ ಬಣ್ಣ. ಅದರ ಮುಂಭಾಗದಲ್ಲಿ ರೆಜಿಮೆಂಟಿನ ಸಂಖ್ಯೆ ಹಸಿರಿನಲ್ಲಿ ಇರುತ್ತಿತ್ತು. ಈ ಅಳತೆಯಲ್ಲಿ ಅದು ಬರೀ ಒಂದು ಚುಕ್ಕೆ. ಬ್ರಷ್ಷಿಗಿಂತ ಟೂತ್‌ಪಿಕ್ ತುದಿಯೇ ವಾಸಿ: ಬಣ್ಣಕ್ಕೆ ಅದ್ದಿ, ಕಾಗದದ ಮೇಲೆ ಒಮ್ಮೆ ಒತ್ತಿ, ಆಮೇಲೆ ಹೆಲ್ಮೆಟ್‌ಗೆ ತಾಗಿಸಬೇಕು. ಮಧ್ಯಾಹ್ನದ ಬೆಳಕಿನಲ್ಲಿ ಒಂದು ಬೇಸ್ ಮುಗಿಸಿ ದೂರದಿಂದ ನೋಡಿದಾಗ ಆ ಚುಕ್ಕೆಗಳ ಸಾಲು ಚೆನ್ನಾಗಿ ಕಾಣುತ್ತೆ.

ಇದೇ ಸೆಟ್‌ನ್ನು 1915ರ ಏಪ್ರಿಲ್‌ಗೂ ಬಳಸುವ ಯೋಚನೆ ಇದೆ. ಏಪ್ರಿಲ್ 22ರ ಸಂಜೆ ಜರ್ಮನರು ಕ್ಲೋರಿನ್ ವಿಷಾನಿಲ ಬಿಟ್ಟ ಮೇಲೆ ಅದರ ಬೆನ್ನಿಗೇ ಮುನ್ನುಗ್ಗಿದ್ದು ಇದೇ 26ನೇ ಕೋರ್ ಮತ್ತು ಅದರ ಬಲಕ್ಕಿದ್ದ 23ನೇ ಕೋರ್. ಲಾಂಗೆಮಾರ್ಕ್ ಆಗ ಈ 51ನೇ ಡಿವಿಷನ್ನಿಗೆ ಸಿಕ್ಕಿತು. ನಾಲ್ಕು ದಿನದ ಮೇಲೆ ಜರ್ಮನರ ವಿರುದ್ಧ ಪ್ರತಿದಾಳಿಗೆ ಬಂದವರಲ್ಲಿ ನಮ್ಮವರೂ ಇದ್ದರು, ಬ್ರಿಟಿಷ್ ಇಂಡಿಯನ್ ಸೇನೆಯ ಲಾಹೋರ್ ಡಿವಿಷನ್. ಅಲ್ಲಿ ಜಮಾದಾರ್ ಮೀರ್ ದಸ್ತ್ ಅವರಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಆ ಡಿವಿಷನ್ನಿನ ಬೇಸ್‌ಗಳನ್ನೂ ಮಾಡಲೇಬೇಕು. ಒಂದೇ ಕಡೆಯವರನ್ನು ಇಟ್ಟರೆ ಆ ದಿನದ ಚಿತ್ರ ಪೂರ್ತಿ ಆಗಲ್ಲ, ಅಲ್ವಾ?

ಅದಕ್ಕೆ ಮೊದಲು ಫಿರಂಗಿ. ಎರಡು ಫಿರಂಗಿ ರೆಜಿಮೆಂಟ್, 51 ಮತ್ತು 52. ಒಂದೊಂದರಲ್ಲಿ ಒಂಬತ್ತು ಬ್ಯಾಟರಿ, ಬ್ಯಾಟರಿಗೆ ಒಂದು ಬೇಸ್. ಫಿರಂಗಿಗಳು ಕತ್ತರಿಸಿ ಸಿದ್ಧವಾಗಿವೆ. ಬಾಕಿ ಇರೋದು ಎಳೆಯುವ ಕುದುರೆಗಳು, ಒಂದು ಫಿರಂಗಿಗೆ ಆರು. ಮುಂದಿನ ಸಲ ಅವುಗಳ ಫೋಟೋ ಹಾಕುತ್ತೇನೆ.