ಹಳೇ ಇವಿ: ಕಂಪನಿ ಶೋರೂಮಾ, ಓನರ್ ಮನೆಯಾ?

ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರನ್ನು ಕಂಪನಿಯವರ ಯೂಸ್ಡ್ ಕಾರ್ ಶೋರೂಮಿನಲ್ಲೇ ತಗೋಬೇಕಾ, ಬೇರೆ ಕಡೆ ತಗೊಂಡರೂ ನಡೆಯುತ್ತಾ ಅಂತ ಪರಿಚಯದವರೆಲ್ಲ ಕೇಳುತ್ತಿದ್ದಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬ್ಯಾಟರಿ ವಾರಂಟಿ ಇನ್ನೂ ನಾಲ್ಕೈದು ವರ್ಷ ಇದ್ದು, ಸರ್ವಿಸ್ ಎಲ್ಲ ಕಂಪನಿಯಲ್ಲೇ ಆಗಿದ್ದರೆ, ನೇರವಾಗಿ ಓನರ್ ಹತ್ತಿರ ತಗೊಳ್ಳಿ. ಶೋರೂಮಿನವರು ಮೇಲೆ ಕೇಳುವ ದುಡ್ಡಿಗೆ ತಕ್ಕದ್ದೇನೂ ಸಿಗಲ್ಲ.

ಯಾಕೆ ಅಂದರೆ, ಎಲೆಕ್ಟ್ರಿಕ್ ಕಾರಿನಲ್ಲಿ ಹೆಚ್ಚಿನ ದುಡ್ಡು ಕೂತಿರುವುದು ಬ್ಯಾಟರಿಯಲ್ಲಿ. ಆ ಬ್ಯಾಟರಿಗೆ ಕಂಪನಿ ವಾರಂಟಿ ಕೊಟ್ಟಿರುವುದು ಕಾರು ಮೊದಲ ಸಲ ಮಾರಿದಾಗ. 2020ರ ಜನವರಿಯಲ್ಲಿ 13.99 ಲಕ್ಷ ಎಕ್ಸ್ ಶೋರೂಮ್ ಬೆಲೆಗೆ ಬಂದ ಟಾಟಾ ನೆಕ್ಸಾನ್ ಇವಿಯನ್ನೇ ತಗೊಳ್ಳಿ. ಬ್ಯಾಟರಿ ಮತ್ತು ಮೋಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಈ ಲೆಕ್ಕ ನೀವು ಕೊಂಡ ದಿನದಿಂದ ಶುರುವಾಗಲ್ಲ. ಮೂರು ವರ್ಷ ಓಡಿದ ಕಾರಿಗೆ ಉಳಿದಿರುವುದು ಐದೇ ವರ್ಷ, ಅದನ್ನು ಕಂಪನಿಯೇ ಮಾರಲಿ, ಪಕ್ಕದ ಬೀದಿಯ ಮೇಷ್ಟ್ರು ಮಾರಲಿ. ಯೂಸ್ಡ್ ಕಾರ್ ಶೋರೂಮಿನವರು ಇದರ ಮೇಲೆ ತಮ್ಮದೂ ಒಂದು ವಾರಂಟಿ ಕೊಡುತ್ತಾರೆ, ಆದರೆ ಕಾರನ್ನು ಓಡಿಸುವ ದೊಡ್ಡ ಹೈ ವೋಲ್ಟೇಜ್ ಬ್ಯಾಟರಿ ಅದರೊಳಗೆ ಇದೆಯಾ ಅಂತ ಸಣ್ಣ ಅಕ್ಷರ ಓದಿ ನೋಡಿ.

ಹೊಸ ಕಾರುಗಳಲ್ಲಿ ಇನ್ನೊಂದು ತಿರುವು ಇದೆ. ಮಹೀಂದ್ರಾ ಬಿಇ 6, ಎಕ್ಸ್‌ಇವಿ 9ಇ ಬ್ಯಾಟರಿಗೆ ಲೈಫ್‌ಟೈಮ್ ವಾರಂಟಿ ಅಂತ ಜಾಹೀರಾತು ನೋಡಿರುತ್ತೀರಿ. ಅದು ಮೊದಲ ಓನರಿಗೆ ಮಾತ್ರ. ಕಾರು ಕೈ ಬದಲಾದರೆ 10 ವರ್ಷ ಅಥವಾ 2 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಮಾರುವವರು ‘ಲೈಫ್‌ಟೈಮ್ ಇದೆ ಸರ್’ ಅಂದರೆ, ಯಾರ ಲೈಫು ಅಂತ ಕೇಳಿ.

ಭಾವನ ಜೊತೆ ಕಾರು ನೋಡೋಕೆ ಅಂತ ಒಂದು ಯೂಸ್ಡ್ ಕಾರ್ ಶೋರೂಮಿಗೆ ಹೋಗಿದ್ದೆ. ಹೆಸರು ಬೇಡ. ಕಾರು ತೊಳೆದು ಪಾಲಿಶ್ ಹೊಡೆದು ಮದುಮಗನ ಹಾಗೆ ನಿಲ್ಲಿಸಿದ್ದರು. ಉದ್ದಕ್ಕೆ ಒಂದು ಚೆಕ್ ಲಿಸ್ಟ್ ಕೊಟ್ಟರು: ವೈಪರ್ ಬ್ಲೇಡು, ಫ್ಲೋರ್ ಮ್ಯಾಟು, ಹಾರ್ನು, ಪ್ರತಿಯೊಂದಕ್ಕೂ ಟಿಕ್. ಬ್ಯಾಟರಿ ಅಂತ ಇದ್ದ ಕಡೆ ‘ಓಕೆ’ ಅಂತ ಒಂದೇ ಪದ. ಎಷ್ಟು ಪರ್ಸೆಂಟ್ ಹೆಲ್ತ್ ಇದೆ, ಅಂದರೆ ಹೊಸದರಲ್ಲಿದ್ದ ಶಕ್ತಿಯಲ್ಲಿ ಎಷ್ಟು ಉಳಿದಿದೆ ಅಂತ ಭಾವ ಕೇಳಿದ್ದಕ್ಕೆ ಆ ಹುಡುಗ, ‘ಫುಲ್ ಚಾರ್ಜ್ ಆಗುತ್ತೆ ಸರ್’ ಅಂದ. ಆಮೇಲೆ ಕಾರು ಆನ್ ಮಾಡೋಕೆ ಹೋದರೆ ಆನೇ ಆಗಲಿಲ್ಲ! ತುಂಬಾ ದಿನ ಯಾರ್ಡಿನಲ್ಲಿ ನಿಂತು ಕಾರು ಆನ್ ಮಾಡುವ ಚಿಕ್ಕ 12 ವೋಲ್ಟ್ ಬ್ಯಾಟರಿ ಡೌನ್ ಆಗಿತ್ತು. ಅದು ದೊಡ್ಡ ಖರ್ಚಲ್ಲ, ಆದರೆ ಆ ಟಿಕ್ಕುಗಳ ಬೆಲೆ ಎಷ್ಟು ಅಂತ ಗೊತ್ತಾಯ್ತು.

ಹಾಗಾಗಿ ಎಲ್ಲೇ ತಗೊಂಡರೂ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಹೆಲ್ತ್ ರಿಪೋರ್ಟ್ ಕೇಳಿ, ವಾರಂಟಿ ಇನ್ನೂ ಚಾಲ್ತಿಯಲ್ಲಿದೆ, ನಿಮ್ಮ ಹೆಸರಿಗೂ ನಡೆಯುತ್ತದೆ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಅಡ್ವಾನ್ಸ್ ಕೊಡುವುದು ಅದಾದ ಮೇಲೆ. ಮತ್ತೆ ಓಡಿಸಿ ನೋಡಿ, ಬಡಾವಣೆಯೊಳಗೆ ಒಂದು ರೌಂಡ್ ಅಲ್ಲ. ನೆಕ್ಸಾನಿನಲ್ಲಿರುವುದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಚಾರ್ಜ್ ಇಳಿದರೂ ಅದರ ವೋಲ್ಟೇಜ್ ಜಾಸ್ತಿ ಬದಲಾಗಲ್ಲ, ಅದಕ್ಕೇ ಡ್ಯಾಶ್‌ಬೋರ್ಡಿನ ಪರ್ಸೆಂಟ್ ಒಮ್ಮೊಮ್ಮೆ ಸುಳ್ಳು ಹೇಳುತ್ತದೆ. ರಾತ್ರಿಯಿಡೀ ಸ್ಲೋ ಚಾರ್ಜಿಗೆ ಹಾಕಿಸಿ ನೂರು ಮುಟ್ಟಿದ ಮೇಲೆ ಬೆಂಗಳೂರಿಂದ ರಾಮನಗರಕ್ಕೆ ಹೋಗಿ ಬನ್ನಿ, ಸುಮಾರು ನೂರು ಕಿಲೋಮೀಟರ್ ಆಗುತ್ತದೆ. 30.2 ಕಿಲೋವ್ಯಾಟ್ ಅವರ್ ಬ್ಯಾಟರಿಯ ಹಳೇ ನೆಕ್ಸಾನ್ ಅರ್ಧದ ಆಸುಪಾಸು ಚಾರ್ಜ್ ಉಳಿಸಿಕೊಂಡು ಬಂದರೆ ಪರವಾಗಿಲ್ಲ. ಫುಲ್ ಚಾರ್ಜಿಗೆ 312 ಕಿಲೋಮೀಟರ್ ಅನ್ನೋ ಎಆರ್‌ಎಐ (ವಾಹನ ಪರೀಕ್ಷೆ ಮಾಡುವ ಸಂಸ್ಥೆ) ಲೆಕ್ಕವನ್ನು ನಂಬಿ ಕೂರಬೇಡಿ. ಓನರ್ ಆದರೆ ಇಷ್ಟೆಲ್ಲಕ್ಕೂ ಪಕ್ಕದಲ್ಲಿ ಕೂತು ಬರುತ್ತಾನೆ, ದಾರಿಯಲ್ಲಿ ಬಿಡದಿ ತಟ್ಟೆ ಇಡ್ಲಿಯೂ ಆಗುತ್ತೆ. ಶೋರೂಮಿನವರು ಅಷ್ಟು ದೂರಕ್ಕೆ ಕೀ ಕೊಡ್ತಾರಾ, ಕೇಳಿ ನೋಡಿ.

ಇನ್ನು ದುಡ್ಡು. ಹೊಸ ಇವಿಗೆ ಜಿಎಸ್‌ಟಿ 5 ಪರ್ಸೆಂಟ್. ಹಳೇ ಇವಿಯನ್ನು ವ್ಯಾಪಾರಿಗಳು ಮಾರಿದರೆ ಅವರ ಲಾಭದ ಮೇಲೆ 18 ಪರ್ಸೆಂಟ್, 2024ರ ಡಿಸೆಂಬರಿನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಕೌನ್ಸಿಲ್ ಸಭೆಯಲ್ಲಿ ಏರಿಸಿದ್ದು. ಆರು ಲಕ್ಷಕ್ಕೆ ತಗೊಂಡು ಏಳಕ್ಕೆ ಮಾರಿದರೆ ಹದಿನೆಂಟು ಸಾವಿರ ತೆರಿಗೆ, ಅದು ಕೊನೆಗೆ ಯಾರ ಜೇಬಿನಿಂದ ಹೋಗುತ್ತೆ ಹೇಳಬೇಕಾಗಿಲ್ಲ ಅಲ್ವಾ? ಮಾಮೂಲಿ ಓನರ್ ನಿಮಗೆ ನೇರ ಮಾರಿದರೆ ಈ ತೆರಿಗೆಯೇ ಇಲ್ಲ. ಹೊಸ ಕಾರಿನ ರೇಟನ್ನೂ ನೋಡಿಕೊಂಡು ಚೌಕಾಸಿ ಮಾಡಿ. 2024ರ ಫೆಬ್ರವರಿಯಲ್ಲಿ ಟಾಟಾದವರು ನೆಕ್ಸಾನ್ ಇವಿ ಬೆಲೆಯನ್ನು 1.2 ಲಕ್ಷದವರೆಗೆ ಇಳಿಸಿದ್ದರು. ಅದಕ್ಕೆ ಮುಂಚೆ ಕೊಂಡವರು ತಾವು ಕೊಟ್ಟ ಬೆಲೆ ಹಿಡಿದುಕೊಂಡು ಮಾತಾಡುತ್ತಾರೆ, ಅದಕ್ಕೆ ನೀವು ತಲೆಕೆಡಿಸಿಕೊಳ್ಳಬೇಡಿ.

ಟ್ಯಾಕ್ಸಿಗೆ ಓಡಿದ ಕಾರುಗಳ ಬಗ್ಗೆ ಮಾತ್ರ ಹುಷಾರು. 2025ರ ಏಪ್ರಿಲಿನಲ್ಲಿ ಬ್ಲೂಸ್ಮಾರ್ಟ್ ಅನ್ನೋ ಎಲೆಕ್ಟ್ರಿಕ್ ಟ್ಯಾಕ್ಸಿ ಕಂಪನಿ ನಿಂತುಹೋಯಿತಲ್ಲ, ಅಂಥ ಕಡೆ ಓಡಿದ ಕಾರುಗಳು ವರ್ಷದ ಲೆಕ್ಕದಲ್ಲಿ ಹೊಸವು, ಕಿಲೋಮೀಟರ್ ಲೆಕ್ಕದಲ್ಲಿ ಮುದುಕರು, ದಿನಾ ಫಾಸ್ಟ್ ಚಾರ್ಜ್ ಕುಡಿದವು. ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರ ಇದ್ದರೆ ಸ್ವಂತ ಬಳಕೆಯದು, ಹಳದಿ ಅಕ್ಷರ ಇದ್ದರೆ ಬಾಡಿಗೆಯದು. ಪ್ಲೇಟ್ ಬದಲಾಯಿಸಿರಬಹುದು, ಅದಕ್ಕೇ ಆರ್‌ಸಿಯ ಹಿಂದಿನ ಕಥೆಯನ್ನೂ ತೆಗೆಸಿ ನೋಡಿ.

ಹಾಗಂತ ಕಂಪನಿ ಶೋರೂಮು ದಂಡ ಅಂತಲ್ಲ. ಹೊರ ರಾಜ್ಯದ ಕಾರು, ಹಳೇ ಲೋನ್ ತೀರಿಲ್ಲ, ಎನ್‌ಒಸಿ ಬರಬೇಕು ಅನ್ನೋ ತಲೆನೋವು ಇದ್ದರೆ ಅವರ ಹತ್ತಿರವೇ ಹೋಗಿ, ಆರ್‌ಟಿಒ ಅಲೆದಾಟ ಅವರಿಗಿರಲಿ. ಡೀಲರ್‌ಗಳ ಡೆಮೊ ಕಾರು ಸಿಕ್ಕರಂತೂ ನಾನೇ ಮೊದಲು ಓಡುತ್ತೇನೆ, ಓಡಿರುವುದು ಕಡಿಮೆ, ಸರ್ವಿಸ್ ಅಲ್ಲೇ ಆಗಿರುತ್ತದೆ.

ಓನರ್ ಹತ್ತಿರ ತಗೊಂಡರೆ ಕಾರು ನಿಮ್ಮ ಹೆಸರಿಗೆ ಬದಲಾಗುವ ಫಾರಂ 29, 30ಕ್ಕೆ ಸಹಿ, 14 ದಿನದೊಳಗೆ ಇನ್ಶೂರೆನ್ಸ್ ನಿಮ್ಮ ಹೆಸರಿಗೆ. ಮನೆಯ ಚಾರ್ಜರನ್ನು ಗೋಡೆಯಿಂದ ಬಿಚ್ಚಿ ಕೊಡ್ತಾರಾ ಅಂತ ರೇಟ್ ಮಾತಾಡುವಾಗಲೇ ಕೇಳಿ. ಮತ್ತೆ ಅವರ ಎದುರಿಗೇ ಕಂಪನಿ ಆ್ಯಪಿನಿಂದ ಅವರ ನಂಬರ್ ತೆಗೆಸಿ. ಇಲ್ಲದಿದ್ದರೆ ನಿಮ್ಮ ಕಾರು ಎಲ್ಲಿ ನಿಂತಿದೆ ಅಂತ ಅವರು ಮನೆಯಲ್ಲಿ ಕೂತೇ ನೋಡುತ್ತಿರುತ್ತಾರೆ.